ಕಟ್ಟಡಕ್ಕೆ ದಾನಿಗಳುಂಟು, ಸಂಬಳಕ್ಕೆ ಯಾರು? ಆರೋಗ್ಯ, ಆರೈಕೆ, ಕ್ರೀಡೆಯನ್ನು ಕಾಡುತ್ತಿರುವ ಕೊರತೆ

ಊರಿಗೊಂದು ಆಸ್ಪತ್ರೆ ಬೇಕು ಎಂದಾಗ ಜಾಗ ಕೊಡುವವರು ಮುಂದೆ ಬರುತ್ತಾರೆ. ಕೊಠಡಿಗೊಬ್ಬರು, ಹಾಸಿಗೆಗೊಬ್ಬರು, ಆಂಬ್ಯುಲೆನ್ಸಿಗೊಬ್ಬರು ದಾನಿಗಳು ಸಿಗುತ್ತಾರೆ. ಉದ್ಘಾಟನೆಯೂ ಸಂಭ್ರಮದಿಂದ ನಡೆಯುತ್ತದೆ. ಮೂರು ನಾಲ್ಕು ವರ್ಷ ಕಳೆಯುವಷ್ಟರಲ್ಲಿ ರಾತ್ರಿ ಪಾಳಿಗೆ ನರ್ಸ್ ಇಲ್ಲ, ಫಿಸಿಯೋಥೆರಪಿ ಯಂತ್ರವಿದ್ದರೂ ನಡೆಸುವವರಿಲ್ಲ ಎಂಬ ಮಾತು ಕೇಳಿಬರುತ್ತದೆ.

ಸರ್ಕಾರದ ವ್ಯವಸ್ಥೆಯ ಪಾಡೂ ಇದಕ್ಕಿಂತ ಬಹಳ ಬೇರೆಯಲ್ಲ. ಆರೋಗ್ಯ ಕೇಂದ್ರಕ್ಕೆ ಹೊಸ ಕಟ್ಟಡ ಬರುತ್ತದೆ, ತಜ್ಞ ವೈದ್ಯರ ಹುದ್ದೆ ಖಾಲಿ ಇರುತ್ತದೆ. ಮೈದಾನ ಸಿದ್ಧವಾಗುತ್ತದೆ, ಮಕ್ಕಳಿಗೆ ಆಟ ಹೇಳಿಕೊಡುವವರು ಇರುವುದಿಲ್ಲ. ಆರೋಗ್ಯ, ಆರೈಕೆ ಮತ್ತು ಕ್ರೀಡೆ ಮೂರೂ ನಿಂತಿರುವುದು ಮನುಷ್ಯರ ದುಡಿಮೆಯ ಮೇಲೆ. ಹಣದ ಕೊರತೆ ಬಂದಾಗ ಮೊದಲು ಕತ್ತರಿ ಬೀಳುವುದೂ ಆ ಮನುಷ್ಯರ ಸಂಬಳಕ್ಕೇ. ಇದು ಏಕೆ ಹೀಗೆ, ಸಮಾಜದ ಟ್ರಸ್ಟ್‌ಗಳು ಮತ್ತು ದಾನಿಗಳು ಇದರಲ್ಲಿ ಏನು ಮಾಡಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಎರಡು ಬಗೆಯ ಖರ್ಚು

ಯಾವುದೇ ಸೇವಾ ಸಂಸ್ಥೆಗೆ ಎರಡು ಬಗೆಯ ಖರ್ಚು ಇರುತ್ತದೆ. ಒಂದು, ಒಮ್ಮೆ ಮಾಡಿ ಮುಗಿಸುವ ಖರ್ಚು: ಜಾಗ, ಕಟ್ಟಡ, ಯಂತ್ರ, ವಾಹನ. ಇನ್ನೊಂದು, ಪ್ರತಿ ತಿಂಗಳೂ ತಪ್ಪದೆ ಬರುವ ಖರ್ಚು: ಸಂಬಳ, ಔಷಧ, ವಿದ್ಯುತ್, ದುರಸ್ತಿ. ಮೊದಲನೆಯದು ಕಣ್ಣಿಗೆ ಕಾಣುತ್ತದೆ, ಅದರ ಮೇಲೆ ಹೆಸರು ಕೆತ್ತಿಸಬಹುದು. ಎರಡನೆಯದು ತಿಂಗಳ ಕೊನೆಗೆ ಕರಗಿಹೋಗುತ್ತದೆ.

ಸರ್ಕಾರದ ಲೆಕ್ಕದಲ್ಲೂ ಈ ಭೇದ ಇದೆ. ಕಟ್ಟಡಕ್ಕೆ ಹಾಕಿದ ಹಣ ಬಂಡವಾಳ ವೆಚ್ಚ, ಸಂಬಳ ರಾಜಸ್ವ ವೆಚ್ಚ. ಹಣಕಾಸಿನ ಶಿಸ್ತಿಗಾಗಿ ಕಾಯ್ದೆ ತಂದ ಮೊದಲ ರಾಜ್ಯ ಕರ್ನಾಟಕ. 2002ರ ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಅಧಿನಿಯಮವು ರಾಜಸ್ವ ಕೊರತೆಗೆ ಕಡಿವಾಣ ಹಾಕುತ್ತದೆ. ಶಿಸ್ತು ಒಳ್ಳೆಯದೇ. ಆದರೆ ಅದರ ಒಂದು ಪರಿಣಾಮವೆಂದರೆ, ಹೊಸ ಕಟ್ಟಡ ಮಂಜೂರು ಮಾಡುವುದಕ್ಕಿಂತ ಹೊಸ ಕಾಯಂ ಹುದ್ದೆ ಮಂಜೂರು ಮಾಡುವುದು ಕಷ್ಟ. ಒಂದು ಕಾಯಂ ಹುದ್ದೆ ಎಂದರೆ ಮೂವತ್ತು ವರ್ಷದ ಸಂಬಳ ಮತ್ತು ನಂತರದ ನಿವೃತ್ತಿ ಸೌಲಭ್ಯದ ಹೊಣೆ. 2024ರ ಆಗಸ್ಟ್‌ನಿಂದ ಏಳನೇ ರಾಜ್ಯ ವೇತನ ಆಯೋಗದ ಶಿಫಾರಸಿನಂತೆ ಮೂಲ ವೇತನಕ್ಕೆ ಶೇ 27.5ರ ಫಿಟ್‌ಮೆಂಟ್ ಜಾರಿಯಾದ ಮೇಲೆ ಆ ಹೊಣೆ ಇನ್ನಷ್ಟು ಹೆಚ್ಚಿದೆ. ಹೀಗಾಗಿ ಸರ್ಕಾರಗಳು ಹಿಡಿದಿರುವ ದಾರಿ ಗೌರವಧನ, ಪ್ರೋತ್ಸಾಹಧನ, ಗುತ್ತಿಗೆ ಮತ್ತು ಹೊರಗುತ್ತಿಗೆ. ಕೆಲಸ ಪೂರ್ತಿ ಇರುತ್ತದೆ, ನೌಕರಿ ಮಾತ್ರ ಇರುವುದಿಲ್ಲ.

ಆರೋಗ್ಯ: ಕೇಂದ್ರವಿದೆ, ತಜ್ಞರಿಲ್ಲ

ನಿಯಮದ ಪ್ರಕಾರ ಬಯಲು ಸೀಮೆಯಲ್ಲಿ 5,000 ಜನರಿಗೆ ಒಂದು ಉಪಕೇಂದ್ರ, 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 1,20,000 ಜನರಿಗೆ ಒಂದು ಸಮುದಾಯ ಆರೋಗ್ಯ ಕೇಂದ್ರ ಇರಬೇಕು. ಮಲೆನಾಡು ಮತ್ತು ಬುಡಕಟ್ಟು ಪ್ರದೇಶಗಳಲ್ಲಿ ಈ ಸಂಖ್ಯೆ ಇನ್ನೂ ಕಡಿಮೆ. ಸಮುದಾಯ ಆರೋಗ್ಯ ಕೇಂದ್ರದಲ್ಲಿ ಶಸ್ತ್ರಚಿಕಿತ್ಸಕ, ಹೆರಿಗೆ ತಜ್ಞ, ಫಿಸಿಷಿಯನ್ ಮತ್ತು ಮಕ್ಕಳ ತಜ್ಞ ಎಂಬ ನಾಲ್ವರು ಇರಬೇಕು. ಕೇಂದ್ರ ಆರೋಗ್ಯ ಸಚಿವಾಲಯದ 2021-22ರ ಗ್ರಾಮೀಣ ಆರೋಗ್ಯ ಅಂಕಿಅಂಶದಂತೆ ದೇಶದ ಗ್ರಾಮೀಣ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಅಗತ್ಯಕ್ಕೆ ಹೋಲಿಸಿದರೆ ಈ ತಜ್ಞರ ಕೊರತೆ ಸುಮಾರು ಶೇ 80. ಅಂದರೆ ಐವರು ಬೇಕಾದಲ್ಲಿ ಒಬ್ಬರು. ರಾಜ್ಯದಿಂದ ರಾಜ್ಯಕ್ಕೆ ಪ್ರಮಾಣ ಬೇರೆಯಾದರೂ ಸಮಸ್ಯೆಯ ಸ್ವರೂಪ ಎಲ್ಲೆಡೆ ಒಂದೇ.

2017ರ ರಾಷ್ಟ್ರೀಯ ಆರೋಗ್ಯ ನೀತಿ 2025ರ ಹೊತ್ತಿಗೆ ಸರ್ಕಾರಿ ಆರೋಗ್ಯ ವೆಚ್ಚವನ್ನು ಜಿಡಿಪಿಯ ಶೇ 2.5ಕ್ಕೆ ಏರಿಸುವ ಗುರಿ ಇಟ್ಟಿತ್ತು. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ 2021-22ರಲ್ಲಿ ಅದು ಶೇ 1.84. ಅದೇ ವರ್ಷ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರು ಸ್ವಂತ ಜೇಬಿನಿಂದ ಕೊಟ್ಟದ್ದು ಶೇ 39.4. 2014-15ರಲ್ಲಿ ಈ ಪಾಲು ಶೇ 62.6 ಇತ್ತು ಎಂಬುದನ್ನು ನೆನೆದರೆ ಸುಧಾರಣೆ ಆಗಿದೆ ಎನ್ನಲೇಬೇಕು. ಆದರೂ ನೂರು ರೂಪಾಯಿಯಲ್ಲಿ ಸುಮಾರು ನಲವತ್ತು ರೂಪಾಯಿ ಇನ್ನೂ ರೋಗಿಯ ಮನೆಯಿಂದಲೇ ಹೋಗುತ್ತಿದೆ.

ಈ ವ್ಯವಸ್ಥೆಯನ್ನು ಮನೆ ಬಾಗಿಲಿಗೆ ತಲುಪಿಸುವವರು ಆಶಾ ಕಾರ್ಯಕರ್ತೆಯರು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಈ ವ್ಯವಸ್ಥೆ ಬಂತು. ಸಾವಿರ ಜನಸಂಖ್ಯೆಗೆ ಒಬ್ಬರಂತೆ ನೇಮಕ. ರಾಜ್ಯದಲ್ಲಿ ಇವರ ಸಂಖ್ಯೆ ಸುಮಾರು 42 ಸಾವಿರ. ಕಾಗದದಲ್ಲಿ ಇವರು ಸ್ವಯಂಸೇವಕಿಯರು, ಆದ್ದರಿಂದ ಸಂಬಳವಿಲ್ಲ. ಮಾಡಿದ ಕೆಲಸಕ್ಕೆ ತಕ್ಕಂತೆ ಪ್ರೋತ್ಸಾಹಧನ. ಒಂದು ಉದಾಹರಣೆ ನೋಡಬಹುದು. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು 3, 7, 14, 21, 28 ಮತ್ತು 42ನೇ ದಿನ ಮನೆಗೆ ಹೋಗಿ ನೋಡಿ, ತೂಕ, ಉಷ್ಣತೆ, ಎದೆಹಾಲು ಎಲ್ಲವನ್ನೂ ಗಮನಿಸಿ ದಾಖಲಿಸಬೇಕು. ಈ ಆರೂ ಭೇಟಿಗಳಿಗೆ ಸೇರಿ ನಿಗದಿಯಾದ ಮೊತ್ತ 250 ರೂಪಾಯಿ.

ನಿತ್ಯದ ಕೆಲಸಗಳಿಗೆ ಕೇಂದ್ರ ಕೊಡುತ್ತಿದ್ದ ತಿಂಗಳ ಮೊತ್ತ 2018ರಲ್ಲಿ 1,000 ರೂಪಾಯಿಯಿಂದ 2,000ಕ್ಕೆ, 2025ರಲ್ಲಿ 3,500ಕ್ಕೆ ಏರಿತು. ರಾಜ್ಯ ಸರ್ಕಾರದ ನಿಗದಿತ ಗೌರವಧನ ಇದರ ಹೊರಗೆ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರನ್ನು ಜಾಗತಿಕ ಪ್ರಶಸ್ತಿ ನೀಡಿ ಗೌರವಿಸಿತು. 2025ರ ಜನವರಿಯಲ್ಲಿ ಅದೇ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಅಹೋರಾತ್ರಿ ಧರಣಿ ಕೂತರು. ತಿಂಗಳಿಗೆ ಕನಿಷ್ಠ 10,000 ರೂಪಾಯಿ ಕೈಸೇರುವಂತೆ ಮಾಡುವ ಭರವಸೆ ಸಿಕ್ಕ ಮೇಲೆ ಧರಣಿ ಹಿಂತೆಗೆದುಕೊಂಡರು. ಅವರ ದೂರುಗಳಲ್ಲಿ ಮುಖ್ಯವಾದದ್ದು ಮೊತ್ತ ಒಂದೇ ಅಲ್ಲ. ಮಾಡಿದ ಕೆಲಸ ಪೋರ್ಟಲ್‌ನಲ್ಲಿ ಸರಿಯಾಗಿ ದಾಖಲಾಗದಿದ್ದರೆ ಅದರ ಹಣವೂ ಬರುವುದಿಲ್ಲ ಎಂಬುದೂ ಅಷ್ಟೇ ದೊಡ್ಡ ದೂರು.

ಹಣ ತಡವಾಗುವುದಕ್ಕೂ ಒಂದು ಕಾರಣವಿದೆ. ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ ಕೇಂದ್ರದ್ದು 60, ರಾಜ್ಯದ್ದು 40 ಪಾಲು. ಕೇಂದ್ರದ ಹಣ ಕಂತುಗಳಲ್ಲಿ ಬರುತ್ತದೆ. ಹಿಂದಿನ ಕಂತಿನ ಬಳಕೆಯ ಲೆಕ್ಕ ಕೊಡಬೇಕು, ರಾಜ್ಯ ತನ್ನ ಪಾಲನ್ನು ಸೇರಿಸಬೇಕು, ಬಳಿಕ ಅದು ಜಿಲ್ಲೆ, ತಾಲ್ಲೂಕು ದಾಟಿ ಖಾತೆಗೆ ಬೀಳಬೇಕು. ಈ ಸರಪಳಿಯ ಒಂದು ಕೊಂಡಿ ತಡೆದರೂ ಕಾಯುವವರು ಕೊನೆಯ ತುದಿಯಲ್ಲಿರುವ ಕಾರ್ಯಕರ್ತೆ ಮತ್ತು ಗುತ್ತಿಗೆ ನರ್ಸ್.

ಆರೈಕೆ: ಅಂಗನವಾಡಿಯಿಂದ ಹಿರಿಯರ ಮನೆಯವರೆಗೆ

ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದಲ್ಲಿ ಆರಂಭವಾದದ್ದು 1975ರ ಅಕ್ಟೋಬರ್ 2ರಂದು. ಮೊದಲ 33 ಪ್ರಾಯೋಗಿಕ ಯೋಜನೆಗಳಲ್ಲಿ ಮೈಸೂರು ಜಿಲ್ಲೆಯ ತಿ. ನರಸೀಪುರವೂ ಒಂದು. ಅರ್ಧ ಶತಮಾನ ಕಳೆದ ಮೇಲೆ ರಾಜ್ಯದಲ್ಲಿ ಸುಮಾರು 70 ಸಾವಿರ ಅಂಗನವಾಡಿಗಳಿವೆ. ಪೂರಕ ಪೌಷ್ಟಿಕ ಆಹಾರ, ಶಾಲಾಪೂರ್ವ ಶಿಕ್ಷಣ, ಲಸಿಕೆ, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಶಿಫಾರಸು, ತಾಯಂದಿರಿಗೆ ತಿಳಿವಳಿಕೆ ಎಂಬ ಆರು ಸೇವೆಗಳು ಒಬ್ಬ ಕಾರ್ಯಕರ್ತೆ ಮತ್ತು ಒಬ್ಬ ಸಹಾಯಕಿಯ ಹೆಗಲ ಮೇಲಿವೆ. 2017ರಿಂದ ಮಾತೃಪೂರ್ಣ ಯೋಜನೆಯಡಿ ಗರ್ಭಿಣಿಯರು ಮತ್ತು ಬಾಣಂತಿಯರ ಮಧ್ಯಾಹ್ನದ ಊಟವೂ ಸೇರಿತು. ಮೊಬೈಲ್‌ನಲ್ಲಿ ಪೋಷಣ್ ಟ್ರ್ಯಾಕರ್ ತುಂಬುವ ಕೆಲಸ ಬೇರೆ.

ಕಾರ್ಯಕರ್ತೆಗೆ 4,500, ಸಹಾಯಕಿಗೆ 2,250 ರೂಪಾಯಿ ಎಂದು 2018ರ ಅಕ್ಟೋಬರ್‌ನಲ್ಲಿ ಕೇಂದ್ರ ಗೌರವಧನ ನಿಗದಿ ಮಾಡಿತು. ಇದರಲ್ಲೂ ಶೇ 40 ರಾಜ್ಯದ್ದೇ ಪಾಲು. ಇದಕ್ಕೆ ಮೇಲೆ ರಾಜ್ಯ ತನ್ನ ಕಡೆಯಿಂದ ಹೆಚ್ಚುವರಿ ಸೇರಿಸುತ್ತಾ ಬಂದಿದೆ. ಹೀಗಾಗಿ ಒಂದೇ ಕೆಲಸಕ್ಕೆ ರಾಜ್ಯದಿಂದ ರಾಜ್ಯಕ್ಕೆ ಬೇರೆ ಬೇರೆ ಮೊತ್ತ.

ಇವರು ನೌಕರರೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋದದ್ದು ನಮ್ಮ ರಾಜ್ಯದ ಪ್ರಕರಣದಿಂದಲೇ. ಅಂಗನವಾಡಿ ಕಾರ್ಯಕರ್ತೆಯರದ್ದು ಸರ್ಕಾರಿ ಹುದ್ದೆಯಲ್ಲ ಎಂದು ಕರ್ನಾಟಕ ಸರ್ಕಾರ ಮತ್ತು ಅಮೀರ್‌ಬಿ ನಡುವಿನ ಪ್ರಕರಣದಲ್ಲಿ 2006ರಲ್ಲಿ ತೀರ್ಪು ಬಂತು. ಯೋಜನಾ ಕಾರ್ಯಕರ್ತರನ್ನು ಕಾರ್ಮಿಕರೆಂದು ಗುರುತಿಸಿ ಕನಿಷ್ಠ ವೇತನ ಕೊಡಬೇಕೆಂದು 2013ರ ಭಾರತೀಯ ಕಾರ್ಮಿಕ ಸಮ್ಮೇಳನ ಶಿಫಾರಸು ಮಾಡಿತು. 2022ರ ಏಪ್ರಿಲ್‌ನಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ, ಅಂಗನವಾಡಿ ಕಾರ್ಯಕರ್ತೆ ಮತ್ತು ಸಹಾಯಕಿಯರಿಗೆ 1972ರ ಗ್ರಾಚ್ಯುಟಿ ಕಾಯ್ದೆ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ ಹೇಳಿತು. ಹುದ್ದೆ ಸರ್ಕಾರದ್ದಲ್ಲದಿದ್ದರೂ ದುಡಿಮೆ ದುಡಿಮೆಯೇ ಎಂಬುದು ಈ ತೀರ್ಪಿನ ಸಾರ.

ಅಂಗವಿಕಲರಿಗಾಗಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಇವರೂ ಗೌರವಧನದ ಮೇಲೆಯೇ ದುಡಿಯುವವರು, ಸ್ವತಃ ಅಂಗವಿಕಲರು. ಗುರುತಿನ ಚೀಟಿ, ಪಿಂಚಣಿ ಅರ್ಜಿ, ಸಾಧನ ಸಲಕರಣೆಗಾಗಿ ಮನೆಮನೆ ಅಲೆಯುವವರು ಇವರೇ.

ಹಿರಿಯರ ಆರೈಕೆಯ ವಿಷಯ ಬಂದರೆ, ಕೇಂದ್ರದ ಇಂದಿರಾ ಗಾಂಧಿ ವೃದ್ಧಾಪ್ಯ ಪಿಂಚಣಿಯಲ್ಲಿ 60ರಿಂದ 79 ವರ್ಷದವರಿಗೆ ಕೇಂದ್ರದ ಪಾಲು ತಿಂಗಳಿಗೆ 200 ರೂಪಾಯಿ. 2007ರಲ್ಲಿ ಯೋಜನೆಗೆ ಈ ಹೆಸರು ಬಂದಾಗಲೂ ಅಷ್ಟೇ ಇತ್ತು. ಉಳಿದದ್ದನ್ನು ರಾಜ್ಯ ಭರಿಸುತ್ತದೆ. 65 ದಾಟಿದ ಅರ್ಹರಿಗೆ ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 1,200 ರೂಪಾಯಿ ಸಿಗುತ್ತದೆ. ಪಿಂಚಣಿ ಖಾತೆಗೆ ಬೀಳಬಹುದು, ಆದರೆ ಹಾಸಿಗೆ ಹಿಡಿದವರನ್ನು ಹೊರಳಿಸಿ ಮಲಗಿಸುವ ಕೈ ಅದರಿಂದ ಬರುವುದಿಲ್ಲ.

ಈ ವಿಷಯ ಜೈನ ಕುಟುಂಬಗಳಿಗೆ ಇನ್ನಷ್ಟು ಹತ್ತಿರದ್ದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಒಟ್ಟು ಫಲವಂತಿಕೆ ದರ 2.0, ಜೈನರದ್ದು 1.6. ಮಕ್ಕಳು ಕಡಿಮೆ. ಇರುವ ಒಬ್ಬಿಬ್ಬರೂ ಓದು, ಉದ್ಯೋಗ ಎಂದು ಬೆಂಗಳೂರು, ಪುಣೆ, ಪರದೇಶ ಸೇರಿದರೆ ಹಳೆಯ ದೊಡ್ಡ ಮನೆಗಳಲ್ಲಿ ಉಳಿಯುವವರು ಹಿರಿಯರು ಮಾತ್ರ. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಸಮಾಜಕ್ಕೆ ಹೊಸ ಸಭಾಭವನಕ್ಕಿಂತ ಹೆಚ್ಚಾಗಿ ಬೇಕಾಗುವುದು ತರಬೇತಿ ಪಡೆದ ಶುಶ್ರೂಷಕರು.

ಕ್ರೀಡೆ: ಮೈದಾನವಿದ್ದರೆ ಸಾಲದು

ಕ್ರೀಡೆ ಸಂವಿಧಾನದ ರಾಜ್ಯ ಪಟ್ಟಿಯಲ್ಲಿರುವ ವಿಷಯ. ಕೇಂದ್ರದ ಹಣವೂ ಬರುತ್ತದೆ. 2025-26ರ ಬಜೆಟ್‌ನಲ್ಲಿ ಕ್ರೀಡೆ ಮತ್ತು ಯುವಜನ ಸಚಿವಾಲಯಕ್ಕೆ 3,794 ಕೋಟಿ, ಅದರಲ್ಲಿ ಖೇಲೋ ಇಂಡಿಯಾಕ್ಕೆ 1,000 ಕೋಟಿ ರೂಪಾಯಿ ಇಡಲಾಯಿತು. ಆದರೆ ಊರಿನ ಮಗು ಮೊದಲು ಆಡುವುದು ಕ್ರೀಡಾಂಗಣದಲ್ಲಲ್ಲ, ಶಾಲೆಯ ಅಂಗಳದಲ್ಲಿ.

ಅಲ್ಲಿ ಕಾನೂನಿನಲ್ಲೇ ಒಂದು ಬಿಡುವು ಉಳಿದಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕು. ಆದರೆ 6ರಿಂದ 8ನೇ ತರಗತಿಗಳಲ್ಲಿ ದೈಹಿಕ ಶಿಕ್ಷಣಕ್ಕೆ ಬೋಧಕರು ಬೇಕೆಂಬ ನಿಯಮ ಅನ್ವಯಿಸುವುದು ಮಕ್ಕಳ ಸಂಖ್ಯೆ ನೂರು ದಾಟಿದಾಗ, ಅದೂ ಅರೆಕಾಲಿಕ ಬೋಧಕರಿಗೆ. ನೂರರ ಒಳಗಿನ ಮಕ್ಕಳಿರುವ ಹಳ್ಳಿ ಶಾಲೆಗೆ ಮೈದಾನದ ಹಕ್ಕುಂಟು, ಆಟ ಕಲಿಸುವವರ ಹಕ್ಕಿಲ್ಲ. ಉದ್ಯೋಗ ಖಾತ್ರಿಯ ಹಣದಲ್ಲಿ ಮೈದಾನ ಸಮತಟ್ಟು ಮಾಡಲು ಅವಕಾಶವಿತ್ತು. ಅದನ್ನು ನೋಡಿಕೊಳ್ಳುವವರ ಕೂಲಿಗೆ ಆ ಹಣ ಆಗುತ್ತಿರಲಿಲ್ಲ. ಮಳೆಗಾಲ ಕಳೆದರೆ ಅಂಥ ಮೈದಾನದಲ್ಲಿ ಹುಲ್ಲು, ಪಾರ್ಥೇನಿಯಂ.

ಇದಕ್ಕೆ ಅಪವಾದದ ಮಾದರಿಯೂ ಇದೆ. ಖೇಲೋ ಇಂಡಿಯಾದ ಸಣ್ಣ ತರಬೇತಿ ಕೇಂದ್ರಗಳ ಯೋಜನೆಯಲ್ಲಿ ಆರಂಭಕ್ಕೆ 5 ಲಕ್ಷ ರೂಪಾಯಿ, ನಂತರ ವರ್ಷಕ್ಕೆ 5 ಲಕ್ಷ ರೂಪಾಯಿ ನೀಡುವ ಏರ್ಪಾಡಿದೆ. ವರ್ಷದ ಹಣದಲ್ಲಿ ಹೆಚ್ಚಿನ ಭಾಗ ಹೋಗುವುದು ತರಬೇತಿ ಕೊಡುವ ಮಾಜಿ ಕ್ರೀಡಾಪಟುವಿನ ಸಂಭಾವನೆಗೆ, ತಿಂಗಳಿಗೆ 25,000 ರೂಪಾಯಿ. ಇಲ್ಲಿ ಯೋಜನೆ ಬರೆದವರು ಮೊದಲು ಲೆಕ್ಕ ಹಾಕಿದ್ದು ಮನುಷ್ಯನನ್ನು, ಆಮೇಲೆ ಸಾಮಗ್ರಿಯನ್ನು.

ಟ್ರಸ್ಟ್ ಆಸ್ಪತ್ರೆಯ ಲೆಕ್ಕ

ಸಮಾಜದ ಟ್ರಸ್ಟ್‌ಗಳು ನಡೆಸುವ ಸಣ್ಣ ಆಸ್ಪತ್ರೆ, ವೃದ್ಧಾಶ್ರಮಗಳಿಗೂ ಇದೇ ಒತ್ತಡ. ಖಾಸಗಿ ಆಸ್ಪತ್ರೆಗಳ ನರ್ಸ್‌ಗಳ ವೇತನ ಕುರಿತು ಸುಪ್ರೀಂ ಕೋರ್ಟಿನ 2016ರ ಆದೇಶದಂತೆ ರಚನೆಯಾದ ಸಮಿತಿ, 50 ಹಾಸಿಗೆಗಿಂತ ಚಿಕ್ಕ ಆಸ್ಪತ್ರೆಯಲ್ಲೂ ತಿಂಗಳ ಸಂಬಳ 20,000 ರೂಪಾಯಿಗಿಂತ ಕಡಿಮೆ ಇರಬಾರದು ಎಂದಿತು. ಈ ಮೊತ್ತವನ್ನೇ ಹಿಡಿದು ಲೆಕ್ಕ ಹಾಕಬಹುದು.

ಒಬ್ಬ ನರ್ಸ್‌ಗೆ ವರ್ಷಕ್ಕೆ 2.4 ಲಕ್ಷ. ಶೇ 7ರ ಬಡ್ಡಿಯಲ್ಲಿ ಇಷ್ಟು ಬರಬೇಕಾದರೆ ಮೂಲನಿಧಿ ಸುಮಾರು 34 ಲಕ್ಷ ಇರಬೇಕು. ವಾರ್ಡಿನಲ್ಲಿ ಹಗಲು ರಾತ್ರಿ ಒಬ್ಬರು ಇರಲೇಬೇಕು ಎಂದರೆ ವಾರಕ್ಕೆ 168 ಗಂಟೆ. ಒಬ್ಬರು ದುಡಿಯುವುದು 48 ಗಂಟೆ. ವಾರದ ರಜೆ, ಕಾಯಿಲೆ ಕಸಾಲೆ ಸೇರಿಸಿದರೆ ಒಂದು ಕುರ್ಚಿಗೆ ನಾಲ್ವರು ಬೇಕು. ಅಂದರೆ ಸುಮಾರು 1.37 ಕೋಟಿ ರೂಪಾಯಿ ಮೂಲನಿಧಿ. ಇದರಲ್ಲಿ ಪಿಎಫ್, ಇಎಸ್‌ಐ ಸೇರಿಲ್ಲ. ಸಂಬಳ ವರ್ಷಕ್ಕೆ ಶೇ 5ರಂತೆ ಏರಿದರೆ ಹತ್ತು ವರ್ಷದಲ್ಲಿ 20,000 ರೂಪಾಯಿ ಸುಮಾರು 32,600 ಆಗುತ್ತದೆ. ಮೂಲನಿಧಿ ಹಾಗೆಯೇ ನಿಂತಿದ್ದರೆ ಬಡ್ಡಿಯೂ ಅಲ್ಲೇ ನಿಂತಿರುತ್ತದೆ.

ಈ ಲೆಕ್ಕ ಮಾಡದೆ ಕಟ್ಟಿದ ಆಸ್ಪತ್ರೆಯಲ್ಲಿ ನಡೆಯುವುದು ಹೀಗೆ: ಅನುಭವಿ ನರ್ಸ್ ಹೆಚ್ಚು ಸಂಬಳ ಸಿಗುವ ಕಡೆ ಹೋಗುತ್ತಾರೆ. ಉಳಿದವರ ಮೇಲೆ ಎರಡು ಪಾಳಿಯ ಹೊರೆ ಬೀಳುತ್ತದೆ. ಅವರೂ ಬಿಡುತ್ತಾರೆ. ಒಳರೋಗಿ ವಿಭಾಗ ಮುಚ್ಚಿ, ವಾರಕ್ಕೆರಡು ದಿನದ ಹೊರರೋಗಿ ವಿಭಾಗ ಮಾತ್ರ ಉಳಿಯುತ್ತದೆ. ಅಲ್ಲಿ ಕೊರತೆಯಾಗಿರುವುದು ದಾನವಲ್ಲ, ದಾನದ ಬಗೆ.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಯೂ ಒಂದು ಮೂಲ. 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಆರೋಗ್ಯ, ಹಿರಿಯರ ಮನೆ ಮತ್ತು ಹಗಲು ಆರೈಕೆ ಕೇಂದ್ರ, ಗ್ರಾಮೀಣ ಕ್ರೀಡಾ ತರಬೇತಿ ಮೂರೂ ಸೇರಿವೆ. ಆಡಳಿತ ವೆಚ್ಚ ಶೇ 5 ಮೀರಬಾರದು ಎಂಬ ನಿಯಮವನ್ನು ನೋಡಿ ಸಂಬಳ ಕೇಳಲೇಬಾರದು ಎಂದು ಕೆಲವು ಟ್ರಸ್ಟ್‌ಗಳು ಭಾವಿಸುತ್ತವೆ. ಆ ಮಿತಿ ಕಂಪನಿಯ ಸಾಮಾನ್ಯ ಆಡಳಿತ ವೆಚ್ಚಕ್ಕೆ. ಯೋಜನೆಯಲ್ಲಿ ನೇರವಾಗಿ ಸೇವೆ ಕೊಡುವ ನರ್ಸ್ ಅಥವಾ ತರಬೇತುದಾರರ ಸಂಬಳ ಯೋಜನೆಯ ವೆಚ್ಚವೇ. ಆದರೆ ಇಂಥ ನೆರವು ಸಾಮಾನ್ಯವಾಗಿ ಕೆಲವೇ ವರ್ಷದ್ದು. ಅದು ನಿಂತ ಮೇಲೆ ಏನು ಎಂಬ ಯೋಜನೆ ಮೊದಲ ದಿನವೇ ಬೇಕು.

ಹಿಂದಿನವರು ಮಾಡಿದ್ದು

ಈ ವಿವೇಕ ಸಮಾಜಕ್ಕೆ ಹೊಸತಲ್ಲ. ಶ್ರವಣಬೆಳಗೊಳದಲ್ಲಿ ಹುಳ್ಳ 1159ರಲ್ಲಿ ಭಂಡಾರಿ ಬಸದಿಯನ್ನು ಕಟ್ಟಿಸಿದಾಗ ಹೊಯ್ಸಳ ದೊರೆ ಒಂದನೇ ನರಸಿಂಹ ಸವಣೇರು ಎಂಬ ಊರನ್ನೇ ಅದಕ್ಕೆ ದತ್ತಿ ಬಿಟ್ಟ. ನಾಡಿನ ಎಷ್ಟೋ ಬಸದಿಗಳ ಶಾಸನಗಳಲ್ಲಿ ಕಟ್ಟಿಸಿದ ವಿಷಯದ ಜೊತೆಗೇ ಪೂಜೆಗೆ, ಆಹಾರದಾನಕ್ಕೆ, ಜೀರ್ಣೋದ್ಧಾರಕ್ಕೆ ಇಂತಿಷ್ಟು ಗದ್ದೆ, ಇಂತಿಷ್ಟು ತೋಟ, ಇಂತಿಷ್ಟು ಸುಂಕದ ಆದಾಯ ಎಂಬ ವಿವರವಿದೆ. ಕಟ್ಟುವುದು ಮತ್ತು ನಡೆಸುವುದು ಒಂದೇ ದಾನದ ಎರಡು ಭಾಗ ಎಂಬುದು ಅವರಿಗೆ ತಿಳಿದಿತ್ತು. ಇಂದಿಗೂ ಬಸದಿಗಳಲ್ಲಿ ಶಾಶ್ವತ ಪೂಜಾ ನಿಧಿ ನಡೆಯುತ್ತಿರುವುದು ಇದೇ ತತ್ತ್ವದ ಮೇಲೆ: ಮೂಲಧನ ಉಳಿಯಬೇಕು, ಬಡ್ಡಿಯಿಂದ ಪೂಜೆ ನಡೆಯಬೇಕು. ಚತುರ್ವಿಧ ದಾನಗಳಲ್ಲಿ ಒಂದಾದ ಔಷಧ ದಾನಕ್ಕೂ ಇದೇ ಕ್ರಮ ಅನ್ವಯಿಸಬಹುದು.

ದಾನಿಗಳು ಮತ್ತು ಟ್ರಸ್ಟಿಗಳು ಗಮನಿಸಬೇಕಾದ್ದು

- ಹೊಸ ಆಸ್ಪತ್ರೆ, ವೃದ್ಧಾಶ್ರಮ ಅಥವಾ ಕ್ರೀಡಾ ಸಂಕೀರ್ಣಕ್ಕೆ ದಾನ ಕೇಳಿದಾಗ ಕಟ್ಟಡದ ಅಂದಾಜಿನ ಜೊತೆಗೆ ಮೊದಲ ಐದು ವರ್ಷದ ಸಂಬಳದ ಅಂದಾಜನ್ನೂ ಕೇಳಬೇಕು.
- ದಾನ ಮೂಲನಿಧಿಗೆ ಎಂದಿದ್ದರೆ ಅದನ್ನು ಲಿಖಿತವಾಗಿ ಸೂಚಿಸಬೇಕು. ತೆರಿಗೆ ಕಾನೂನಿನಲ್ಲಿ ಮೂಲನಿಧಿ ಮತ್ತು ಸಾಮಾನ್ಯ ದೇಣಿಗೆಯ ಲೆಕ್ಕ ಬೇರೆ ಬೇರೆ.
- 2,000 ರೂಪಾಯಿ ಮೀರಿದ ನಗದು ದಾನಕ್ಕೆ ತೆರಿಗೆ ರಿಯಾಯಿತಿ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಂಥ ದಾನದ ರಿಯಾಯಿತಿ ಇಲ್ಲ.
- ಪುಣ್ಯತಿಥಿ, ವಿವಾಹ ವಾರ್ಷಿಕೋತ್ಸವದ ದಿನ ಒಬ್ಬ ನರ್ಸ್‌ನ ಅಥವಾ ಶುಶ್ರೂಷಕಿಯ ಒಂದು ತಿಂಗಳ ಸಂಬಳವನ್ನು ಹಿರಿಯರ ಹೆಸರಿನಲ್ಲಿ ಭರಿಸಬಹುದು. ಹನ್ನೆರಡು ಕುಟುಂಬ ಸೇರಿದರೆ ಒಂದು ವರ್ಷ ಸಾಗುತ್ತದೆ.
- ಟ್ರಸ್ಟ್‌ಗಳು ಬಡ್ಡಿಯ ಒಂದು ಭಾಗವನ್ನು ಪ್ರತಿವರ್ಷ ಮೂಲಧನಕ್ಕೆ ಸೇರಿಸಬೇಕು. ಲೆಕ್ಕಪರಿಶೋಧಕರ ಸಲಹೆ ಪಡೆದು ಇದನ್ನು ನಿಯಮವಾಗಿಯೇ ಬರೆದಿಡುವುದು ಉತ್ತಮ.
- ಊರಿನ ಸರ್ಕಾರಿ ಶಾಲೆಗೆ ಕ್ರೀಡಾ ಸಾಮಗ್ರಿ ಕೊಡುವ ಬದಲು, ಶಾಲಾಭಿವೃದ್ಧಿ ಸಮಿತಿಯೊಡನೆ ಮಾತನಾಡಿ, ವಾರಕ್ಕೆ ಮೂರು ದಿನ ಬರುವ ತರಬೇತುದಾರರ ಸಂಭಾವನೆ ಭರಿಸುವ ಬಗ್ಗೆ ಯೋಚಿಸಬಹುದು.
- ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರ ಬಾಕಿ, ಖಾಲಿ ಹುದ್ದೆಗಳ ಪ್ರಶ್ನೆಯನ್ನು ಗ್ರಾಮಸಭೆಯಲ್ಲಿ ಎತ್ತುವುದಕ್ಕೆ ಹಣ ಬೇಕಿಲ್ಲ, ಹಾಜರಾತಿ ಬೇಕು.

ಸರ್ಕಾರದ ಹೊಣೆಯನ್ನು ದಾನಿಗಳು ಪೂರ್ತಿ ಹೊರಲಾರರು, ಹೊರಬೇಕಾಗಿಯೂ ಇಲ್ಲ. ಆದರೆ ಸಮಾಜದ ಕೈಯಲ್ಲಿರುವ ಸಂಸ್ಥೆಗಳಲ್ಲಾದರೂ ದುಡಿಯುವವರಿಗೆ ತಿಂಗಳ ಮೊದಲ ವಾರ ಸಂಬಳ ಸೇರುವಂತೆ ನೋಡಿಕೊಳ್ಳುವುದು ಸಾಧ್ಯ. ಮುಂದಿನ ವಾರ್ಷಿಕ ಸಭೆಯಲ್ಲಿ ಹೊಸ ಕೊಠಡಿಯ ಠರಾವು ಬಂದಾಗ, ಆ ಕೊಠಡಿಯಲ್ಲಿ ಕೆಲಸ ಮಾಡುವವರ ಸಂಬಳಕ್ಕೆ ಹಣ ಎಲ್ಲಿಂದ ಎಂಬ ಒಂದು ಪ್ರಶ್ನೆಯನ್ನು ಸದಸ್ಯರು ಕೇಳಿದರೂ ಸಾಕು.